ಎರಡು ಲೆನ್ಸ್ ಬಿಟ್ಟು ಒಂದು 18-200 ಕೊಂಡ ನನ್ನ ಅನುಭವ

ಶಾಲೆಯಲ್ಲಿ ಮಗಳ ಓಟದ ಸ್ಪರ್ಧೆ. ಸಾಲಾಗಿ ನಿಂತ ಮಕ್ಕಳೆಲ್ಲ ಒಂದೇ ಫ್ರೇಮಿನಲ್ಲಿ ಬರಲಿ ಅಂತ ಕ್ಯಾಮೆರಾಗೆ 18-55 ಎಂಎಂ ಲೆನ್ಸ್ ಹಾಕಿಕೊಂಡಿದ್ದೆ (ಈ ನಂಬರು ಫೋಕಲ್ ಲೆಂತ್; ಚಿಕ್ಕದಾದರೆ ಅಗಲವಾದ ನೋಟ, ದೊಡ್ಡದಾದರೆ ದೂರದ್ದು ಹತ್ತಿರ ಕಾಣುತ್ತದೆ). ಆ ಫೋಟೋ ಚೆನ್ನಾಗಿ ಬಂತು. ಓಡಿ ಬರುವಾಗ ಅವಳ ಮುಖ ಹತ್ತಿರದಿಂದ ಬೇಕು ಅನ್ನಿಸಿ, ಬ್ಯಾಗಿನಿಂದ 55-200 ತೆಗೆದು, ಮೊದಲಿನದನ್ನು ಬಿಚ್ಚಿ, ಬಿಳಿ ಚುಕ್ಕೆಗೆ ಬಿಳಿ ಚುಕ್ಕೆ ಸೇರಿಸಿ ತಿರುಗಿಸುವಷ್ಟರಲ್ಲಿ ಅವಳು ಗೆರೆ ದಾಟಿ ಆಗಿತ್ತು. ಅವಳು ಎರಡನೆಯವಳಾಗಿ ಬಂದ ಆ ಕ್ಷಣದ ಫೋಟೋ ನನ್ನ ಹತ್ತಿರ ಇಲ್ಲ. ಅವತ್ತೇ ರಾತ್ರಿ ಕೂತು, ಎರಡೂ ಕೆಲಸ ಮಾಡುವ ಒಂದೇ ಲೆನ್ಸ್ ಹುಡುಕೋಕೆ ಶುರು ಮಾಡಿದೆ.

ಹುಡುಕಿದರೆ ರಾಶಿ ರಾಶಿ ಇವೆ. ಈ ಬಗೆಯ ಲೆನ್ಸ್ ಹೊಸದೇನಲ್ಲ. ಟ್ಯಾಮ್ರಾನ್ 1992ರಲ್ಲೇ 28-200 ತಂದಿತ್ತು. ನಿಕಾನ್ 2005ರಲ್ಲಿ ಸ್ಟೆಬಿಲೈಸೇಷನ್ (ಕೈ ನಡುಕದಿಂದ ಫೋಟೋ ಮಸುಕಾಗದಂತೆ ತಡೆಯುವ ವ್ಯವಸ್ಥೆ) ಇರುವ 18-200 ತಂದಿತು. ಆಮೇಲೆ 18-250, 18-270, 18-300 ಅಂತ ಬೆಳೆಯುತ್ತಾ ಹೋಗಿ, 2017ರಲ್ಲಿ ಟ್ಯಾಮ್ರಾನ್ 18-400ರ ತನಕ ಬಂತು. ಅಂದರೆ 22 ಪಟ್ಟು ಜೂಮ್. ಇದನ್ನೆಲ್ಲ ಓದಿದಾಗ ಮನಸ್ಸು ಸಹಜವಾಗಿ ದೊಡ್ಡ ನಂಬರಿನ ಕಡೆಗೇ ಹೋಗುತ್ತದೆ, 400 ಇರುವಾಗ 200 ಯಾಕೆ ಅಂತ. ನನಗೂ ಹಾಗೇ ಆಯಿತು.

ಆದರೆ ದುಡ್ಡು ಲೆಕ್ಕ ಹಾಕಿ ಕೊಳ್ಳಬೇಕಿತ್ತು. ಅದಕ್ಕೇ ಮೊದಲು ಒಂದು ಕೆಲಸ ಮಾಡಿದೆ, ಲೆನ್ಸ್ ಕೊಳ್ಳುವ ಎಲ್ಲರಿಗೂ ನಾನು ಇದನ್ನೇ ಹೇಳುತ್ತೇನೆ. ನಾವು ತೆಗೆದ ಪ್ರತಿ ಫೋಟೋದ ಫೈಲಿನಲ್ಲೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದೆವು ಅಂತ ಕ್ಯಾಮೆರಾ ಬರೆದಿಟ್ಟಿರುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಒಂದು ಫೋಲ್ಡರಿನ ಎಲ್ಲ ಫೋಟೋಗಳ ಮಾಹಿತಿಯನ್ನು ಪಟ್ಟಿ ಮಾಡಿ ಕೊಡುತ್ತದೆ. ಎರಡು ವರ್ಷದ ಫೋಟೋಗಳನ್ನು ಅದರಲ್ಲಿ ಹಾಕಿ, ಎಂಎಂ ಪ್ರಕಾರ ಜೋಡಿಸಿ ನೋಡಿದೆ.

200ರಲ್ಲಿ ತೆಗೆದವು ಜಾಸ್ತಿ ಇರುತ್ತವೆ ಅಂದುಕೊಂಡಿದ್ದೆ. ಇರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು 18ರಲ್ಲಿ, ಅದರ ನಂತರ 55ರಲ್ಲಿ. 54 ಅಲ್ಲ, 50 ಅಲ್ಲ, ಸರಿಯಾಗಿ 55. ಒಂದು ಲೆನ್ಸಿನ ತುದಿಯಲ್ಲಿ ಇಷ್ಟೊಂದು ಫೋಟೋ ಇವೆ ಅಂದರೆ ಏನರ್ಥ? ನನಗೆ ಇನ್ನೂ ಸ್ವಲ್ಪ ಹತ್ತಿರ ಹೋಗಬೇಕಿತ್ತು, ಲೆನ್ಸ್ ಅಲ್ಲಿಗೇ ನಿಂತಿತು, ಬದಲಿಸಲು ಮನಸ್ಸಾಗದೆ ಅಲ್ಲೇ ಒತ್ತಿಬಿಟ್ಟೆ ಅಂತ. ಒಂದೊಂದೇ ತೆರೆದು ನೋಡಿದರೆ ಹಾಗೇ ಇತ್ತು. ಮುಖ ಚಿಕ್ಕದು, ಸುತ್ತ ಬೇಡದ ಜಾಗ ಜಾಸ್ತಿ. ಅಂದರೆ ನನ್ನ ಕೊರತೆ ಇದ್ದದ್ದು 200ರ ಆಚೆ ಅಲ್ಲ, ಎರಡು ಲೆನ್ಸ್ ಸೇರುವ ಆ ನಡುವಿನ ಜಾಗದಲ್ಲಿ. 400 ಕೊಂಡಿದ್ದರೆ, ಅಪರೂಪಕ್ಕೆ ಬಳಸುವ ತುದಿಗಾಗಿ 700 ಗ್ರಾಂ ದಾಟುವ ತೂಕವನ್ನು ದಿನಾ ಕತ್ತಿಗೆ ಹಾಕಿಕೊಳ್ಳಬೇಕಿತ್ತು.

ಇನ್ನೊಂದು ಲೆಕ್ಕವೂ ಸಹಾಯಕ್ಕೆ ಬಂತು. ನನ್ನ ಕ್ಯಾಮೆರಾ ನಿಕಾನ್ ಡಿ5300, 24 ಮೆಗಾಪಿಕ್ಸೆಲ್. 200ರಲ್ಲಿ ತೆಗೆದ ಫೋಟೋವನ್ನು 300ರಲ್ಲಿ ತೆಗೆದಂತೆ ಕಾಣುವಷ್ಟು ಕ್ರಾಪ್ ಮಾಡಿದರೂ 10 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿಯೇ ಉಳಿಯುತ್ತದೆ. ಎ4 ಅಳತೆಗೆ ಚೆಂದವಾಗಿ ಪ್ರಿಂಟ್ ಹಾಕಿಸಲು ಅಷ್ಟು ಸಾಕು. ಹಕ್ಕಿಗಳನ್ನೇ ತೆಗೆಯುವವರಿಗೆ ಈ ಮಾತು ಒಪ್ಪಿಗೆಯಾಗಲ್ಲ, ಅವರಿಗೆ ಬೇಕಾದ್ದೇ ಬೇರೆ. ನಾನು ತೆಗೆಯುವುದು ಮಕ್ಕಳು, ಪ್ರವಾಸ, ಮನೆ ಮುಂದಿನ ಗಿಡ.

ಹೀಗೆ 18-140 ಮತ್ತು 18-200 ಎರಡು ಉಳಿದವು. ನಿಕಾನ್‌ನ 18-140 ಒಳ್ಳೆಯ ಲೆನ್ಸ್, ತುದಿಯಲ್ಲೂ ಎಫ್/5.6 ಇರುತ್ತದೆ (ಇದು ಬೆಳಕು ಒಳಬರುವ ಕಿಂಡಿಯ, ಅಂದರೆ ಅಪರ್ಚರಿನ ಅಳತೆ; ನಂಬರು ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಬೇರೆ ಕಂಪನಿಯ 18-200ಗಳು ತುದಿಯಲ್ಲಿ ಎಫ್/6.3. ಈ ವ್ಯತ್ಯಾಸ ಒಂದು ಸ್ಟಾಪಿನ (ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವ ಒಂದು ಹೆಜ್ಜೆ) ಮೂರನೇ ಒಂದು ಭಾಗ ಅಷ್ಟೇ, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಈಗಾಗಲೇ 200ರ ತನಕ ಅಭ್ಯಾಸ ಆಗಿದ್ದರಿಂದ ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಬೇರೆ ಕಂಪನಿಯ 18-200, ಅದೂ ಸೆಕೆಂಡ್ ಹ್ಯಾಂಡ್ ಅಂತ ತೀರ್ಮಾನ ಮಾಡಿದೆ.

ಇಲ್ಲಿ ಒಂದು ಎಚ್ಚರಿಕೆ. ನಿಕಾನ್‌ನ ಡಿ3000, ಡಿ5000 ಸರಣಿಯ ಕ್ಯಾಮೆರಾ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನಲ್ಲೇ ಮೋಟಾರ್ ಇರಬೇಕು, ಇಲ್ಲದಿದ್ದರೆ ಪ್ರತಿ ಸಲ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಮೌಂಟ್ (ಲೆನ್ಸ್ ಕೂರುವ ಜಾಗ) ಸರಿಯಿದೆ, ಕೂತುಕೊಳ್ಳುತ್ತದೆ ಅಂದಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ಆಮೇಲೆ ಸ್ಟೆಬಿಲೈಸೇಷನ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ನಿಕಾನ್ ವಿಆರ್, ಕ್ಯಾನನ್ ಐಎಸ್, ಟ್ಯಾಮ್ರಾನ್ ವಿಸಿ, ಸಿಗ್ಮಾ ಓಎಸ್. ಹಳೆಯ 18-200ಗಳಲ್ಲಿ ಇದು ಇಲ್ಲದವೂ ಇವೆ, ಅಗ್ಗಕ್ಕೆ ಸಿಗುತ್ತವೆ. ದಯವಿಟ್ಟು ಅವು ಬೇಡ. ನನ್ನದರಂಥ ಚಿಕ್ಕ ಸೆನ್ಸರಿನ (ಎಪಿಎಸ್-ಸಿ) ಬಾಡಿಯಲ್ಲಿ 200 ಅಂದರೆ ದೊಡ್ಡ ಫುಲ್ ಫ್ರೇಮ್ ಸೆನ್ಸರಿನಲ್ಲಿ 300ರಷ್ಟು ಕಿರಿದಾದ ನೋಟ, ಕೈ ನಡುಕ ಕಾಣಬಾರದು ಅಂದರೆ ಸುಮಾರು 1/300 ಸೆಕೆಂಡ್ ಶಟರ್ ಬೇಕು. ಎಫ್/6.3ರಲ್ಲಿ ಅಷ್ಟು ಬೆಳಕು ಎಲ್ಲಾ ಕಡೆ ಸಿಗಲ್ಲ. ಸ್ಟೆಬಿಲೈಸೇಷನ್ ಇದ್ದರೆ ನಿಂತ ವಸ್ತುವನ್ನು 1/60ರಲ್ಲೂ ನೆಮ್ಮದಿಯಾಗಿ ತೆಗೆಯುತ್ತೇನೆ. ಓಡುವ ಮಗುವಿಗೆ ಮಾತ್ರ ಇದರಿಂದ ಉಪಯೋಗ ಇಲ್ಲ, ಅಲ್ಲಿ 1/500 ಬೇಕೇ ಬೇಕು.

ಮೂರು ಲೆನ್ಸ್ ನೋಡಿ ಮೂರನೆಯದನ್ನು ಕೊಂಡೆ. ಮೊದಲನೆಯದು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಎರಡೂ ಕಡೆ ಕ್ಯಾಪ್ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಓರೆಯಾಗಿ ಮುಂದಿನಿಂದ ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಸಣ್ಣ ಎಳೆಗಳು. ಫಂಗಸ್. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ, ಫೋಟೋದಲ್ಲಿ ಕಾಣಲ್ಲ, ಆದರೆ ಫಂಗಸ್ ಇದ್ದರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟು ಬರಬೇಕು. ಅದು ಬೆಳೆಯುತ್ತದೆ, ಗಾಜಿನ ಮೇಲಿನ ಲೇಪವನ್ನೂ ಹಾಳು ಮಾಡುತ್ತದೆ.

ಎರಡನೆಯದರ ದೋಷ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಗೋಡೆಗೆ ನ್ಯೂಸ್ ಪೇಪರ್ ಅಂಟಿಸಿ, ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಟ್ರೈಪಾಡಿನ ಮೇಲಿಟ್ಟು, ಸ್ಟೆಬಿಲೈಸೇಷನ್ ಆಫ್ ಮಾಡಿ, 18, 50, 100, 200 ನಾಲ್ಕರಲ್ಲೂ ಎಫ್/8ರಲ್ಲಿ ತೆಗೆದೆ. ಮೂಲೆಗಳು ನಡುಭಾಗಕ್ಕಿಂತ ಸ್ವಲ್ಪ ಮಸುಕಾಗಿರುವುದು ಈ ಬಗೆಯ ಎಲ್ಲ ಲೆನ್ಸಿನಲ್ಲೂ ಇದ್ದದ್ದೇ. ನೋಡಬೇಕಾದ್ದು ನಾಲ್ಕೂ ಮೂಲೆಗಳು ಒಂದೇ ಸಮ ಇವೆಯಾ ಅಂತ. ಅದರಲ್ಲಿ ಬಲಗಡೆ ಅಕ್ಷರ ಓದಲು ಬರುತ್ತಿತ್ತು, ಎಡಗಡೆ ಕಲಸಿಹೋಗಿತ್ತು. ಯಾವಾಗಲೋ ಬಿದ್ದು ಒಳಗಿನ ಗಾಜು ವಾಲಿರಬಹುದು. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಕೊಂಡಿದ್ದರೆ, ಪ್ರತಿ ಫೋಟೋದಲ್ಲೂ ಏನೋ ಸರಿ ಇಲ್ಲ ಅಂತ ವರ್ಷಗಟ್ಟಲೆ ಕೊರಗುತ್ತಿದ್ದೆ.

ಮೂರನೆಯದು ಎಲ್ಲದರಲ್ಲೂ ಸರಿಯಾಗಿತ್ತು. ಜೂಮ್ ರಿಂಗ್ ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಬಿಗಿಯಲ್ಲಿ ತಿರುಗಿತು, ಮೆಲ್ಲಗೆ ಅಲುಗಾಡಿಸಿದಾಗ ಒಳಗೆ ಬಿಡಿ ಭಾಗದ ಸದ್ದಿರಲಿಲ್ಲ, ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿನುಗಿರಲಿಲ್ಲ, ಫಿಲ್ಟರ್ ಹಾಕುವ ಜಾಗ ನೆಗ್ಗಿರಲಿಲ್ಲ. ಹುಡ್ (ಲೆನ್ಸಿನ ಮುಂದೆ ಹಾಕುವ ನೆರಳಿನ ಕೊಳವೆ) ಕೂಡ ಇತ್ತು. ತೂಕ 400 ಗ್ರಾಂ ಹತ್ತಿರ. ಹಳೆಯ ಎರಡೂ ಲೆನ್ಸಿಗೆ 52 ಎಂಎಂ ಫಿಲ್ಟರ್ ಹಾಕುತ್ತಿದ್ದೆ, ಇದಕ್ಕೆ 62 ಬೇಕು. ಹಾಗಾಗಿ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಮತ್ತೆ ಹೊಸದು ಕೊಳ್ಳಬೇಕಾಯಿತು, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈಗ ಬಳಸಿದ ಮೇಲಿನ ಮಾತು. ಹಗಲಿನಲ್ಲಿ, ಎಫ್/8ಕ್ಕೆ ಇಟ್ಟುಕೊಂಡರೆ, 18ರಿಂದ ಸುಮಾರು 135ರ ತನಕ ಹಳೆಯ ಎರಡು ಲೆನ್ಸ್‌ಗಳಿಗೂ ಇದಕ್ಕೂ ನನಗೆ ವ್ಯತ್ಯಾಸವೇ ತಿಳಿಯಲ್ಲ. 200ರಲ್ಲಿ ಪೂರ್ತಿ ತೆರೆದ ಅಪರ್ಚರಿನಲ್ಲಿ ಮಾತ್ರ ಫೋಟೋ ಮೆತ್ತಗೆ ಬರುತ್ತದೆ, ಬಿಳಿ ಆಕಾಶಕ್ಕೆ ಎದುರಾದ ಎಲೆಗಳ ಅಂಚಿನಲ್ಲಿ ನೇರಳೆ ಗೆರೆ ಕಾಣುತ್ತದೆ. ನಾನು 180ಕ್ಕೇ ನಿಲ್ಲಿಸಿ ಎಫ್/8ಕ್ಕೆ ಇಳಿಸುತ್ತೇನೆ, ಅಷ್ಟರಲ್ಲೇ ಬಹಳ ಸುಧಾರಿಸುತ್ತದೆ. 18ರಲ್ಲಿ ಗೋಡೆ, ಕಂಬದಂಥ ನೇರ ಗೆರೆಗಳು ಹೊರಕ್ಕೆ ಉಬ್ಬುತ್ತವೆ, ಜೂಮ್ ಮಾಡಿದರೆ ಒಳಕ್ಕೆ ಬಾಗುತ್ತವೆ. ಡಾರ್ಕ್‌ಟೇಬಲ್ ಉಚಿತ ಸಾಫ್ಟ್‌ವೇರ್, ಅದರಲ್ಲಿ ಲೆನ್ಸ್ ಕರೆಕ್ಷನ್ ಒತ್ತಿದರೆ ಇವೆಲ್ಲ ಬಹುಮಟ್ಟಿಗೆ ನೇರವಾಗುತ್ತವೆ. ಅದಕ್ಕೇ ಈಗ ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ತೆಗೆಯುತ್ತೇನೆ.

ಯಾರೂ ಮೊದಲು ಹೇಳದ ಒಂದು ವಿಷಯ ಇದೆ. ಹತ್ತಿರದ ವಸ್ತುವನ್ನು 200ರಲ್ಲಿ ತೆಗೆದರೆ, 55-200ರಲ್ಲಿ ಕಾಣುತ್ತಿದ್ದಷ್ಟು ದೊಡ್ಡದಾಗಿ ಕಾಣಲ್ಲ. ನನ್ನ ಲೆನ್ಸೇ ಕೆಟ್ಟಿದೆಯಾ ಅಂತ ಮೊದಲು ಗಾಬರಿಯಾಯಿತು. ಕೆಟ್ಟಿಲ್ಲ. ಇಂಥ ಲೆನ್ಸ್‌ಗಳಲ್ಲಿ ಹತ್ತಿರಕ್ಕೆ ಫೋಕಸ್ ಮಾಡುವಾಗ ಒಳಗಿನ ಗಾಜುಗಳು ಸರಿದು, ನಿಜವಾದ ಫೋಕಲ್ ಲೆಂತ್ ಕಡಿಮೆಯಾಗಿಬಿಡುತ್ತದೆ. ದೂರದ ಬೆಟ್ಟಕ್ಕೆ 200 ಪೂರ್ತಿ 200ರಷ್ಟೇ ಇರುತ್ತದೆ. ಮೂರು ಮೀಟರ್ ದೂರದ ಹೂವಿಗೆ ಇರಲ್ಲ.

ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಬಳಸುವಾಗ ಹುಡ್ ತೆಗೆಯಬೇಕು, ಇಲ್ಲದಿದ್ದರೆ 18ರಲ್ಲಿ ಫೋಟೋದ ಕೆಳಗಡೆ ಅರ್ಧಚಂದ್ರದಂಥ ನೆರಳು ಬೀಳುತ್ತದೆ. ಕ್ಯಾಮೆರಾ ನೇತುಹಾಕಿಕೊಂಡು ಬೆಟ್ಟ ಹತ್ತುವಾಗ ಲೆನ್ಸ್ ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ. 18ರಲ್ಲಿ ಲಾಕ್ ಮಾಡುವ ಬಟನ್ ಇದೆ, ಅದು ಹಾಕಿಕೊಂಡರೆ ಆಯಿತು.

ಸಂಜೆ ಮನೆಯೊಳಗೆ ಮಾತ್ರ ಇದು ಸೋಲುತ್ತದೆ, ಅದನ್ನು ಮುಚ್ಚಿಡಬಾರದು. 50ರ ಹತ್ತಿರ ಇದು ಎಫ್/5 ಆಸುಪಾಸು ಇರುತ್ತದೆ. 50 ಎಂಎಂ ಎಫ್/1.8 ಲೆನ್ಸಿನಲ್ಲಿ ಐಎಸ್ಓ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸುತ್ತದೆ ಅನ್ನುವ ಸೆಟ್ಟಿಂಗ್) 800ಕ್ಕೆ ಸಿಗುವ ಫೋಟೋ ಇದರಲ್ಲಿ ಬೇಕು ಅಂದರೆ, ಶಟರ್ ಅಷ್ಟೇ ಇಟ್ಟುಕೊಂಡು, 6400ರ ತನಕ ಏರಿಸಬೇಕು. ಅಷ್ಟು ಏರಿಸಿದರೆ ಮಗುವಿನ ಕೆನ್ನೆ ಮೇಲೆಲ್ಲ ಮರಳು ಚೆಲ್ಲಿದಂತೆ ಕಾಣುತ್ತದೆ. ಬೆಳಕು ಕಡಿಮೆ ಆದಾಗ ಫೋಕಸ್ ಕೂಡ ಹಿಂದೆ ಮುಂದೆ ತಡಕಾಡುತ್ತದೆ. ಅದಕ್ಕೇ 55-200 ಮಾರಿ, ಬಂದ ದುಡ್ಡಿಗೆ ಸ್ವಲ್ಪ ಸೇರಿಸಿ ಒಂದು 50 ಎಂಎಂ ಎಫ್/1.8 ತಂದೆ. ಹಗಲಿಗೆ ಇದು, ರಾತ್ರಿಗೆ ಅದು. ಮಧ್ಯದಲ್ಲಿ ಬದಲಿಸುವ ಮಾತೇ ಬರಲ್ಲ, ಮನೆ ಬಿಡುವಾಗಲೇ ಯಾವುದು ಅಂತ ಗೊತ್ತಿರುತ್ತದೆ. ಸೆನ್ಸರ್ ಮೇಲೆ ಧೂಳು ಕೂರುವುದೂ ಕಡಿಮೆಯಾಗಿದೆ, ಆಕಾಶದ ಫೋಟೋಗಳಲ್ಲಿ ಕಪ್ಪು ಚುಕ್ಕೆ ಒರೆಸುತ್ತಾ ಕೂರುವ ಕೆಲಸ ತಪ್ಪಿತು.

ಎಂಟು ತಿಂಗಳಾದ ಮೇಲೆ ಮತ್ತೆ ಎಕ್ಸಿಫ್‌ಟೂಲ್ ಪಟ್ಟಿ ತೆಗೆದೆ. 18 ಇನ್ನೂ ಮೊದಲ ಸ್ಥಾನದಲ್ಲೇ ಇದೆ. 55ರ ಆ ದೊಡ್ಡ ಗುಂಪು ಮಾಯವಾಗಿ, ಅದು 60, 70, 85, 95 ಅಂತ ಹರಡಿಕೊಂಡಿದೆ. ಈ ಸಲದ ಆಟದ ದಿನ ಮಗಳು ಹೊರಟ ಜಾಗದಿಂದ ಗೆರೆ ದಾಟುವ ತನಕ ಹದಿನೇಳು ಫೋಟೋ ಬಂದಿವೆ, ಮೊದಲನೆಯದು 24ರಲ್ಲಿ, ಕೊನೆಯದು 170ರಲ್ಲಿ. ಅವಳು ಇಷ್ಟಪಟ್ಟು ಗೋಡೆಗೆ ಹಾಕಿಸಿಕೊಂಡದ್ದು 78ರಲ್ಲಿ ತೆಗೆದದ್ದು.