ನ್ಯಾಯದ ಪಾಠವನ್ನು ಚೀಟಿಯಿಂದ ಆರಂಭಿಸಿ

ಪದವಿ ತರಗತಿಗೆ ರಾಜ್ಯಶಾಸ್ತ್ರ ಕಲಿಸುವ ನಾನು ಮೀಸಲಾತಿಯ ಪಾಠಕ್ಕೆ ಮಡಚಿದ ಚೀಟಿಗಳ ಡಬ್ಬಿಯನ್ನು ಒಯ್ಯುತ್ತೇನೆ. ನೀವೂ ಹಾಗೆ ಮಾಡಿ. ಪ್ರತಿ ಚೀಟಿಯಲ್ಲೂ ಒಂದು ಬದುಕನ್ನು ಬರೆಯಿರಿ: ಬಸ್ಸಿಲ್ಲದ ಊರಿನ ಕೂಲಿಕಾರರ ಮಗಳು, ನಗರದ ವೈದ್ಯರ ಮಗ, ಕಣ್ಣು ಕಾಣದ ಹುಡುಗ. ಹಂಚಿರಿ, ಆದರೆ ಬಿಡಿಸಲು ಬಿಡಬೇಡಿ. ಹತ್ತು ಹಾಸ್ಟೆಲ್ ಸೀಟುಗಳನ್ನು ಹಂಚುವ ನಿಯಮವನ್ನು ಮೊದಲು ಅವರೇ ಬರೆಯಲಿ. ತಾನು ಯಾರೆಂದು ತಿಳಿಯದವನು ಎಷ್ಟು ಎಚ್ಚರದಿಂದ ಬರೆಯುತ್ತಾನೆ, ನೋಡಿ! ಚೀಟಿ ಬಿಡಿಸಿದ ಮೇಲೆ ಕವಿಯುವ ಮೌನವನ್ನು ಮಾತಿನಿಂದ ಕೆಡಿಸಬೇಡಿ. ಕರ್ನಾಟಕದ ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗ ಕೊಟ್ಟ 1975ರ ವರದಿಗೆ ಆಮೇಲೆ ಬನ್ನಿ.

ಮೂರ್ನಾಲ್ಕು ನಿಯಮಗಳು ಬಂದರೆ ಎರಡು ಬಾರಿ ಮತಕ್ಕೆ ಹಾಕಿ. ಮೊದಲು ವಿಧಾನಸಭೆ ಚುನಾವಣೆಯಂತೆ ಹೆಚ್ಚು ಮತ ಪಡೆದದ್ದು ಗೆಲ್ಲಲಿ. ಬಳಿಕ ರಾಷ್ಟ್ರಪತಿ ಚುನಾವಣೆಯಂತೆ 1, 2, 3 ಎಂದು ಪ್ರಾಶಸ್ತ್ಯ ಬರೆಸಿ. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯದನ್ನು ಕೈಬಿಟ್ಟು ಅದರ ಮತಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ವರ್ಗಾಯಿಸಿ. ಒಮ್ಮೆ ನನ್ನ ತರಗತಿಯಲ್ಲಿ ಎರಡು ಎಣಿಕೆಗಳಲ್ಲಿ ಬೇರೆ ಬೇರೆ ನಿಯಮಗಳು ಗೆದ್ದವು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ಮತದಾನ ಗುಪ್ತವಾಗಿಯೇ ಇರಲಿ. ಕೈ ಎತ್ತಿಸಿದರೆ ಹಿಂದಿನ ಬೆಂಚಿನವರು ಮುಂದಿನವರ ಕೈ ನೋಡುತ್ತಾರೆ.

ಹದಿನೆಂಟು ತುಂಬಿದವರಿಗೆ ಅಂದೇ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ಕೊಡಿ. ನೀವು ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ಹೇಳಬೇಡಿ.