ಬೂಸ್ಟರ್ ಸೀಟು: ಬೆಲ್ಟು ಎಲುಬಿನ ಮೇಲಿರಲಿ, ಹೊಟ್ಟೆಯ ಮೇಲೆ ಬೇಡ

ಕಾರಿನ ಸೀಟ್ ಬೆಲ್ಟು ದೊಡ್ಡವರ ಮೈಯಳತೆಗೆ ಮಾಡಿದ್ದು. ಐದಾರು ವರ್ಷದ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಅದೇ ಬೆಲ್ಟು ಹಾಕಿ ನೋಡಿ. ಹೆಗಲ ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ, ಸೊಂಟದ ಪಟ್ಟಿ ಹೊಟ್ಟೆಯ ಮೇಲೇರುತ್ತದೆ. ತೊಡೆ ಗಿಡ್ಡ, ಸೀಟು ಉದ್ದ. ಮಂಡಿ ಮಡಚಲಾಗದೆ ಮಗು ಮುಂದಕ್ಕೆ ಜಾರಿ ಕೂರುತ್ತದೆ. ಕುತ್ತಿಗೆ ಉರಿದರೆ ಹೆಗಲ ಪಟ್ಟಿಯನ್ನು ಕಂಕುಳಡಿಗೋ ಬೆನ್ನ ಹಿಂದಕ್ಕೋ ತಳ್ಳಿಕೊಳ್ಳುತ್ತದೆ.

ಅಪಾಯ ಇರುವುದು ಅಲ್ಲೇ. ದೊಡ್ಡವರ ಸೊಂಟದೆಲುಬಿಗೆ ಮುಂದೆ ಎರಡೂ ಕಡೆ ಗಟ್ಟಿ ಏಣು ಇರುತ್ತದೆ. ಡಿಕ್ಕಿಯಾದಾಗ ಬೆಲ್ಟು ಅದಕ್ಕೆ ತಡೆದು ನಿಲ್ಲುತ್ತದೆ. ಮಕ್ಕಳಲ್ಲಿ ಈ ಏಣು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಬೆಲ್ಟು ಸರಕ್ಕನೆ ಮೇಲೆ ಜಾರಿ ಮೆತ್ತಗಿನ ಹೊಟ್ಟೆಯನ್ನು ಒತ್ತುತ್ತದೆ. ಕರುಳಿಗೆ, ಬೆನ್ನುಹುರಿಗೆ ಪೆಟ್ಟು ಬೀಳುವುದು ಹೀಗೆ. ಮಗುವನ್ನು ಎತ್ತರಿಸಿ ಬೆಲ್ಟನ್ನು ತೊಡೆಯ ಬುಡಕ್ಕೆ, ಹೆಗಲ ನಡುವಿಗೆ ತರುವುದಷ್ಟೇ ಬೂಸ್ಟರ್ ಸೀಟಿನ ಕೆಲಸ. ಮಗುವನ್ನು ಹಿಡಿಯುವುದು ಬೆಲ್ಟೇ. ಹಾಗಾಗಿ ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲೆ. ನಿಮ್ಮ ಮಗುವಿನ ಮೇಲೆ, ನಿಮ್ಮದೇ ಕಾರಿನಲ್ಲಿ ಬೆಲ್ಟು ಎಲ್ಲಿ ಬೀಳುತ್ತದೆ ಅನ್ನುವುದೇ ಆಯ್ಕೆಯ ಮಾನದಂಡ.

ಹಂತ 1: ಮಗು ತಯಾರಿದೆಯೇ?

ಚಿಕ್ಕ ಮಗುವನ್ನು ಸೀಟಿಗೇ ಬಿಗಿಯುವ ಐದು ಪಟ್ಟಿಯ ಕಟ್ಟು, ಅಂದರೆ ಹಾರ್ನೆಸ್, ಇರುವ ಸೀಟಿನಿಂದ ಬೂಸ್ಟರಿಗೆ ಬೇಗ ಬಡ್ತಿ ಕೊಡುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಹಾರ್ನೆಸ್ ಸೀಟು ನಿಜಕ್ಕೂ ಚಿಕ್ಕದಾಗುವವರೆಗೆ ಅದರಲ್ಲೇ ಇರಲಿ. ಹಲವು ಸೀಟುಗಳ ಹಾರ್ನೆಸ್ ಮಿತಿ 18 ಕೆಜಿ, ಎತ್ತರದ ಲೆಕ್ಕದ ಹೊಸ ಸೀಟುಗಳಲ್ಲಿ ಸಾಮಾನ್ಯವಾಗಿ 105 ಸೆಂ.ಮೀ. ಹಾರ್ನೆಸ್ ಪಟ್ಟಿಯ ಅತಿ ಮೇಲಿನ ತೂತಿಗಿಂತ ಮಗುವಿನ ಹೆಗಲು ಮೇಲೆ ಹೋಗಿದ್ದರೂ ಸೀಟು ಚಿಕ್ಕದಾಯಿತು ಎಂದೇ ಅರ್ಥ. ಕಾಲು ಮುಂದಿನ ಸೀಟಿಗೆ ತಾಗುತ್ತದೆ ಎಂಬುದು ಬದಲಾಯಿಸಲು ಕಾರಣವಲ್ಲ.

ವಯಸ್ಸು ಕನಿಷ್ಠ ನಾಲ್ಕು ತುಂಬಿರಬೇಕು, ತೂಕ 15 ಕೆಜಿ ದಾಟಿರಬೇಕು. ಇವೆರಡೂ ಇದ್ದರೂ ಇನ್ನೊಂದು ಪರೀಕ್ಷೆ ಉಳಿದಿದೆ: ದಾರಿಯುದ್ದಕ್ಕೂ, ನಿದ್ದೆ ಬಂದಾಗಲೂ ಮಗು ನೆಟ್ಟಗೆ ಕೂರುತ್ತದೆಯೇ? ಬಕಲ್ ಒತ್ತಿ ಬಿಚ್ಚುವ, ಬಗ್ಗಿ ಕೆಳಗಿನ ಆಟಿಕೆ ಹುಡುಕುವ ಮಗುವಿಗೆ ಬೂಸ್ಟರ್ ಇನ್ನೂ ಆರು ತಿಂಗಳು ಕಾಯಬಹುದು.

ಹಂತ 2: ಅಂಗಡಿಗೆ ಹೋಗುವ ಮೊದಲು ಕಾರು ನೋಡಿ

ಹಿಂದಿನ ಸೀಟಿನ ಎರಡು ಬದಿಗಳಲ್ಲಿ ಹೆಗಲು, ಸೊಂಟ ಎರಡಕ್ಕೂ ಬರುವ ಮೂರು ಬಿಂದುವಿನ ಬೆಲ್ಟು ಇರುತ್ತದೆ. ನಡುವಿನ ಜಾಗದಲ್ಲಿ ಹಳೆಯ ಕಾರುಗಳಲ್ಲಿ ಬರೀ ಸೊಂಟದ ಪಟ್ಟಿ ಇರುವುದೇ ಹೆಚ್ಚು. ಅಲ್ಲಿ ಬೂಸ್ಟರ್ ಇಡಬೇಡಿ. ಹೆಗಲ ಪಟ್ಟಿ ಇಲ್ಲದೆ ಎತ್ತರದಲ್ಲಿ ಕೂತ ಮಗುವಿನ ತಲೆ ಡಿಕ್ಕಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ.

ಸೀಟ್ ಕವರ್ ಬಗ್ಗೆ ಎರಡು ಮಾತು. ಶೋರೂಮಿನಿಂದ ಬಂದ ವಾರದಲ್ಲೇ ದಪ್ಪ ಫೋಮಿನ ರೆಕ್ಸಿನ್ ಕವರ್ ಹೊಲಿಸುವುದು ನಮ್ಮಲ್ಲಿ ರೂಢಿ. ಅದರ ನುಣುಪಿಗೆ ಬೂಸ್ಟರ್ ಜಾರುತ್ತದೆ. ಕವರಿನಡಿ ಬಕಲ್ ಹೂತುಹೋಗಿರುತ್ತದೆ, ಮಕ್ಕಳ ಸೀಟನ್ನು ಕಾರಿಗೆ ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳೂ ಮುಚ್ಚಿರುತ್ತವೆ. ಸೀಟು ಮತ್ತು ಬೆನ್ನಾಸರೆ ಸೇರುವ ಸಂದಿಯಲ್ಲಿ ಬೆರಳು ತೂರಿಸಿ ನೋಡಿ: ಗಟ್ಟಿ ಲೋಹದ ಸರಳು ತಗುಲಿದರೆ ಐಸೋಫಿಕ್ಸ್ ಇದೆ. ಇದ್ದರೆ ಕವರಿನ ಅಷ್ಟು ಜಾಗ ದರ್ಜಿಯ ಬಳಿ ಬಿಡಿಸಿಕೊಳ್ಳಿ.

ಬಕಲಿನ ಕಾಂಡ ಎಷ್ಟು ಉದ್ದ, ಅದು ಬಾಗುತ್ತದೆಯೇ ಎಂಬುದನ್ನೂ ಗಮನಿಸಿ. ಉದ್ದ ಕಾಂಡದ ಬಕಲ್ ಕೆಲವೊಮ್ಮೆ ಬೂಸ್ಟರಿನ ಕೈಯಾಸರೆಗೆ ಅಡ್ಡ ಬಂದು, ಸೊಂಟದ ಪಟ್ಟಿ ಬಿಗಿಯಾಗದಂತೆ ತಡೆಯುತ್ತದೆ. ಬೂಸ್ಟರ್ ಎಷ್ಟೇ ಚೆನ್ನಾಗಿರಲಿ, ಆ ಜಾಗಕ್ಕೆ ಅದು ಹೊಂದುವುದಿಲ್ಲ.

ಹಂತ 3: ಬೆನ್ನಿರುವುದೋ, ಬರೀ ಮಣೆಯೋ

ಬೆನ್ನಾಸರೆ ಇರುವ ಬೂಸ್ಟರಿಗೆ ಮೇಲಕ್ಕೆ ಕೆಳಕ್ಕೆ ಸರಿಸಬಹುದಾದ ತಲೆಯಾಸರೆ, ಅದರ ಪಕ್ಕದಲ್ಲಿ ಹೆಗಲ ಪಟ್ಟಿ ಹಾಯಿಸುವ ಕೊಕ್ಕೆ, ತಲೆಗೆ ಎರಡು ಬದಿಯ ರೆಕ್ಕೆ ಇರುತ್ತವೆ. ನಿದ್ದೆ ಹೋದ ಮಗು ಪಕ್ಕಕ್ಕೆ ವಾಲದಂತೆ ಅವು ತಡೆಯುತ್ತವೆ. ವಾಲಿದ ಕೂಡಲೇ ಹೆಗಲ ಪಟ್ಟಿ ಜಾಗ ತಪ್ಪುತ್ತದೆ ಎಂಬುದು ನೆನಪಿರಲಿ. ಪಕ್ಕದಿಂದ ಬರುವ ಡಿಕ್ಕಿಗೂ ತಕ್ಕಮಟ್ಟಿನ ರಕ್ಷೆ ಸಿಗುತ್ತದೆ.

ಬೆನ್ನಿಲ್ಲದ ಮಣೆಯಂಥ ಬೂಸ್ಟರ್ ಅಗ್ಗ, ಹಗುರ, ಟ್ಯಾಕ್ಸಿಗೆ ಒಯ್ಯಲು ಸುಲಭ. ಆದರೆ ಮಕ್ಕಳ ಸೀಟುಗಳಿಗೆ ಯುರೋಪು ಪಾಲಿಸುವ ವಿಶ್ವಸಂಸ್ಥೆಯ ಆರ್129 ನಿಯಮ ಇದನ್ನು 125 ಸೆಂ.ಮೀ. ದಾಟಿದ ಮಕ್ಕಳಿಗೆ ಮಾತ್ರ ಒಪ್ಪುತ್ತದೆ. ಅಂದರೆ ಏಳೆಂಟು ವರ್ಷಕ್ಕೆ ಮುಂಚೆ ಇದರ ಮಾತೇ ಇಲ್ಲ. ಮೊದಲ ಬೂಸ್ಟರ್ ಬೆನ್ನಿರುವುದೇ ಆಗಿರಲಿ. ಬೆನ್ನು ಬಿಚ್ಚಿ ಮಣೆಯಾಗಿಸಬಹುದಾದ ಮಾದರಿಗಳೂ ಇವೆ. ಬೆನ್ನು ಬಿಚ್ಚುವ ಅಳತೆ ಕೈಪಿಡಿಯಲ್ಲಿ ಬರೆದಿರುತ್ತದೆ.

ಮನೆಯ ದಿಂಬು, ಮಡಚಿದ ಜಮಖಾನ ಬೂಸ್ಟರ್ ಆಗುವುದಿಲ್ಲ. ಒತ್ತಡ ಬಿದ್ದ ಕ್ಷಣ ಅವು ಅಮುಕಿ ಜಾರುತ್ತವೆ, ಬೆಲ್ಟು ಹೊಟ್ಟೆಗೆ ಬರುತ್ತದೆ. ಹೆಗಲ ಪಟ್ಟಿಯನ್ನು ಕೆಳಗೆಳೆಯುವ ಬಟ್ಟೆಯ ತ್ರಿಕೋನ ಪಟ್ಟಿಗಳನ್ನು ನೂರಿನ್ನೂರು ರೂಪಾಯಿಗೆ ಮಾರುತ್ತಾರೆ. ಅವು ಕುತ್ತಿಗೆಯ ಕಿರಿಕಿರಿ ತಪ್ಪಿಸುತ್ತವೆ, ಸೊಂಟದ ಪಟ್ಟಿಯನ್ನು ಮೇಲಕ್ಕೆಳೆಯುತ್ತವೆ. ನಮ್ಮ ಅಭಿಪ್ರಾಯದಲ್ಲಿ ಏನೂ ಇಲ್ಲದಿರುವುದಕ್ಕಿಂತ ಕೆಟ್ಟ ಖರೀದಿ ಇದು, ಸಮಸ್ಯೆ ಪರಿಹಾರವಾಯಿತೆಂಬ ಭ್ರಮೆ ಹುಟ್ಟಿಸುತ್ತದೆ.

ಹಂತ 4: ಚೀಟಿ ಓದಿ

ಸೀಟಿನ ಬೆನ್ನಿಗೋ ತಳಕ್ಕೋ ಅಂಟಿಸಿದ ಚೀಟಿಯಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಪಕ್ಕದಲ್ಲಿ ಸಂಖ್ಯೆ ಇದ್ದರೆ ಅದು ವಿಶ್ವಸಂಸ್ಥೆಯ ನಿಯಮದಡಿ ಪರೀಕ್ಷೆಯಾದದ್ದು. ಸಂಖ್ಯೆ ಮಂಜೂರು ಮಾಡಿದ ದೇಶದ್ದು, ಗುಣಮಟ್ಟದ ದರ್ಜೆಯಲ್ಲ. ಆರ್44 ಎಂದಿದ್ದರೆ ತೂಕದ ಲೆಕ್ಕ: ಎರಡನೇ ಗುಂಪು 15ರಿಂದ 25 ಕೆಜಿ, ಮೂರನೆಯದು 22ರಿಂದ 36 ಕೆಜಿ. ಆರ್129 ಎಂದಿದ್ದರೆ ಎತ್ತರದ ಲೆಕ್ಕ. ಬೆನ್ನಿರುವ ಬೂಸ್ಟರುಗಳಿಗೆ ಸಾಮಾನ್ಯವಾಗಿ 100ರಿಂದ 150 ಸೆಂ.ಮೀ. ಎತ್ತರದ ಲೆಕ್ಕ ಹೆಚ್ಚು ನಂಬಲರ್ಹ, ಬೆಲ್ಟು ಎಲ್ಲಿ ಬೀಳುತ್ತದೆ ಎನ್ನುವುದನ್ನು ನಿರ್ಧರಿಸುವುದು ಎತ್ತರವೇ ಆದ್ದರಿಂದ. ಭಾರತದ ಮಾನದಂಡ ಎಐಎಸ್-072. ಅಮೆರಿಕದಿಂದ ಬಂಧುಗಳು ತಂದುಕೊಡುವ ಸೀಟಿನಲ್ಲಿ ‘ಇ’ ಗುರುತು ಇರುವುದಿಲ್ಲ, ಅಲ್ಲಿಯ ನಿಯಮವೇ ಬೇರೆ. ಯಾವ ಮಾನದಂಡದ ಹೆಸರೂ ಇಲ್ಲದೆ ಬರೀ ‘ಬೇಬಿ ಸೇಫ್ಟಿ’ ಎಂದು ಬರೆದ ಸೀಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಂತ 5: ಕಾರಿನಲ್ಲೇ ಕೂರಿಸಿ ನೋಡಿ

ಮಗುವನ್ನೂ ಕಾರನ್ನೂ ಅಂಗಡಿಗೆ ಕರೆದೊಯ್ಯುವುದು ಒಳ್ಳೆಯದು. ಆನ್‌ಲೈನ್‌ನಲ್ಲಿ ಕೊಂಡರೆ ಹಿಂದಿರುಗಿಸುವ ಅವಧಿಯೊಳಗೆ ಚೀಟಿ ಕೀಳದೆ ಪರೀಕ್ಷಿಸಿ.

ಬೂಸ್ಟರಿನ ಬೆನ್ನು ಕಾರಿನ ಸೀಟಿಗೆ ಒರಗಿರಬೇಕು. ಕಾರಿನ ತಲೆಯಾಸರೆ ಅದನ್ನು ಮುಂದಕ್ಕೆ ದೂಡುತ್ತಿದ್ದರೆ, ಕೈಪಿಡಿ ಒಪ್ಪಿದರೆ, ತಲೆಯಾಸರೆಯನ್ನು ಎತ್ತರಿಸಿ ಅಥವಾ ತೆಗೆದಿಡಿ. ಮಗುವಿನ ಬೆನ್ನ ಮೇಲಿನ ಶಾಲೆಯ ಬ್ಯಾಗು ಮೊದಲು ಇಳಿಯಲಿ. ಬೂಸ್ಟರಿನ ತಲೆಯಾಸರೆಯನ್ನು ಹೆಗಲ ಕೊಕ್ಕೆ ಮಗುವಿನ ಹೆಗಲಿಗೆ ಸಮವಾಗಿ ಅಥವಾ ತುಸು ಮೇಲೆ ಬರುವಂತೆ ಹೊಂದಿಸಿ. ಸೊಂಟದ ಪಟ್ಟಿ ಎರಡೂ ಕೈಯಾಸರೆಗಳ ಅಡಿಯಿಂದ ಹಾಯ್ದು ತೊಡೆಯ ಬುಡದಲ್ಲಿ ಚಪ್ಪಟೆಯಾಗಿ ಕೂರಲಿ. ಬಕಲ್ ಕಡೆ ಹೆಗಲ ಪಟ್ಟಿಯೂ ಕೈಯಾಸರೆಯ ಅಡಿಯಿಂದಲೇ ಹೋಗಬೇಕು, ಎಲ್ಲರೂ ತಪ್ಪುವುದು ಇಲ್ಲೇ. ಎಲ್ಲೂ ತಿರುಚಿರಬಾರದು. ಹೆಗಲ ಪಟ್ಟಿಯನ್ನು ಮೇಲಕ್ಕೆಳೆದು ಸಡಿಲ ತೆಗೆಯಿರಿ. ಪಟ್ಟಿ ಕುತ್ತಿಗೆಗೂ ತೋಳಿಗೂ ತಾಗದೆ ಹೆಗಲ ನಡುವೆ, ಎದೆಯ ನಡುವೆ ಹಾಯ್ದರೆ ಸರಿ.

ಈಗ ಮಗುವಿಗೆ ಮುಂದೆ ಬಗ್ಗಿ ಮತ್ತೆ ಒರಗಲು ಹೇಳಿ. ಬೆಲ್ಟು ತಾನಾಗಿ ಒಳಸರಿದು ಬಿಗಿಯಾಗಬೇಕು. ಎದೆಯ ಮುಂದೆ ಜೋತುಬಿದ್ದರೆ ಕೊಕ್ಕೆ ಅದನ್ನು ಹಿಡಿಯುತ್ತಿದೆ. ತಲೆಯಾಸರೆಯನ್ನು ಒಂದು ಮೆಟ್ಟಿಲು ಮೇಲೆ ಕೆಳಗೆ ಮಾಡಿ ನೋಡಿ, ಆಗಲೂ ಹಾಗೇ ಆದರೆ ಬೇರೆ ಮಾದರಿ ಹುಡುಕಿ. ಅಮೆರಿಕ, ಕೆನಡಾದ ಚಳಿಗಾಲದಲ್ಲಿ ಉಬ್ಬಿದ ಜಾಕೆಟ್ ಬಿಚ್ಚಿಸಿಯೇ ಬೆಲ್ಟು ಹಾಕಿ. ಜಾಕೆಟ್ಟಿನ ಗಾಳಿ ಅಮುಕಿದರೆ ಬೆಲ್ಟು ಅಷ್ಟೂ ಸಡಿಲ.

ಐಸೋಫಿಕ್ಸ್ ಇರುವ ಬೂಸ್ಟರ್ ಕಾರಿನ ಸೀಟನ್ನು ಮಾತ್ರ ಕಚ್ಚಿಕೊಳ್ಳುತ್ತದೆ, ಮಗುವನ್ನಲ್ಲ. ಬೆಲ್ಟು ಹಾಕಲೇಬೇಕು. ಐಸೋಫಿಕ್ಸ್ ಇಲ್ಲದ ಬೂಸ್ಟರನ್ನು ಮಗು ಇಲ್ಲದಾಗಲೂ ಬೆಲ್ಟಿನಿಂದ ಬಿಗಿದಿಡಿ. ಇಲ್ಲವಾದರೆ ಜೋರು ಬ್ರೇಕಿಗೆ ಮುಂದಿನವರ ತಲೆಗೆ ಬಂದು ಬಡಿಯುತ್ತದೆ.

ಹಂತ 6: ಯಾವಾಗ ಬಿಡಿಸುವುದು

ಸುಮಾರು 145 ಸೆಂ.ಮೀ., ಅಂದರೆ ಸಾಮಾನ್ಯವಾಗಿ 10ರಿಂದ 12 ವರ್ಷ. ಆದರೆ ಕಾರಿನಿಂದ ಕಾರಿಗೆ ಸೀಟಿನ ಆಳ ಬೇರೆ, ಬೆಲ್ಟಿನ ಎತ್ತರ ಬೇರೆ. ಬೂಸ್ಟರ್ ತೆಗೆದು ಕೂರಿಸಿ ನೋಡಿ: ಬೆನ್ನು ಪೂರ್ತಿ ಹಿಂದೆ ಒರಗಿದೆಯೇ, ಮಂಡಿ ಸೀಟಿನ ಅಂಚಿನಲ್ಲಿ ಮಡಚುತ್ತದೆಯೇ, ಸೊಂಟದ ಪಟ್ಟಿ ತೊಡೆಯ ಬುಡದಲ್ಲಿದೆಯೇ, ಹೆಗಲ ಪಟ್ಟಿ ಹೆಗಲ ನಡುವೆಯೇ, ಪ್ರಯಾಣದುದ್ದಕ್ಕೂ ಹೀಗೇ ಕೂರಬಲ್ಲದೇ? ಐದಕ್ಕೂ ಹೌದು ಎಂದಾದರೆ ಸಾಕು. ಅಜ್ಜನ ಕಾರಿನಲ್ಲಿ ಒಂದಕ್ಕೆ ಇಲ್ಲ ಎಂದಾದರೆ ಅಲ್ಲಿ ಬೂಸ್ಟರ್ ಉಳಿಯಲಿ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, 14 ತುಂಬದ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ.

ಹಳೆಯ ಸೀಟು ಸಿಕ್ಕಿದರೆ ತಿರುವಿ ತಳ ನೋಡಿ: ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ, ಗಡಿಯಾರದ ಮುಳ್ಳಿನಂತೆ ಬಾಣವಿರುವ ಸಣ್ಣ ವೃತ್ತ ತಯಾರಾದ ತಿಂಗಳು, ವರ್ಷ ತೋರಿಸುತ್ತದೆ. ಬಳಕೆಯ ಗಡುವು ಕೈಪಿಡಿಯಲ್ಲಿರುತ್ತದೆ. ಡಿಕ್ಕಿ ಕಂಡ ಸೀಟು ಹೊರಗೆ ಬಿರುಕು ಕಾಣದಿದ್ದರೂ ಬೇಡ. ಎಲ್ಲಿಂದ ಬಂತೆಂದು ಹೇಳಲಾಗದವರಿಂದ ಕೊಳ್ಳಬೇಡಿ. ನೆಂಟರು ಕೊಟ್ಟದ್ದಾದರೆ ಕೈಪಿಡಿಯನ್ನೂ ಕೇಳಿ ಪಡೆಯಿರಿ.