ಚಿತ್ರ ಬರೆಯೋಕೆ ಬರ್ಬೇಕಿಲ್ಲ, ಭಾನುವಾರ ಬರೋಕೆ ಆದ್ರೆ ಸಾಕು

ನಂಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ, ನಾನು ಬಂದು ಏನ್ ಮಾಡ್ಲಿ? ಚಿಂತಾಮಣಿ ಕಡೆ ನಾವು ನಡೆಸೋ ಭಾನುವಾರದ ಕಲಾ ಗುಂಪಿಗೆ ವಾಲಂಟಿಯರ್ ಆಗಿ ಸೇರ್ಬೇಕು ಅನ್ನೋರೆಲ್ಲ ಮೊದ್ಲು ಕೇಳೋದು ಇದನ್ನೇ. ನಿಜ ಹೇಳ್ಬೇಕಂದ್ರೆ ಚೆನ್ನಾಗಿ ಬರೆಯೋರೇ ನಮಗೆ ಸ್ವಲ್ಪ ಕಷ್ಟ, ಪಕ್ಕದೋರ ಹಾಳೆ ಎಳ್ಕೊಂಡು ತಿದ್ದೋಕೆ ಶುರು ಮಾಡ್ತಾರೆ.

ಇಲ್ಲಿಗೆ ಬರೋರು ಯಾರು ಅಂದ್ರೆ, ಖಿನ್ನತೆಗೆ ಮಾತ್ರೆ ತಗೊಳ್ತಾ ಇರೋರು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಮನೇಲಿ ಗೋಡೆ ನೋಡ್ಕೊಂಡು ಕೂತಿದ್ದೋರು, ಅಂಥವರನ್ನ ನೋಡ್ಕೊಂಡು ಸುಸ್ತಾಗಿರೋ ಅಮ್ಮ, ಹೆಂಡ್ತಿ, ಅಣ್ಣ. ಕೂತು ಬಣ್ಣ ಹಚ್ತೀವಿ, ಪದ ಹೇಳ್ತೀವಿ, ತಮಟೆ ಬಡೀತೀವಿ. ಇದು ಟ್ರೀಟ್‌ಮೆಂಟ್ ಅಲ್ಲ, ಇದಕ್ಕೆ ಬಂದೆ ಅಂತ ಯಾರೂ ಮಾತ್ರೆ ಬಿಡ್ಬಾರ್ದು. ಹಾಗಂತ ಬರೀ ಟೈಮ್ ಪಾಸೂ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟಿಗೆ ನೋಡಿ, ಕಲೆ ಆರೋಗ್ಯಕ್ಕೆ ಒತ್ತಾಸೆ ಆಗತ್ತೆ ಅಂತ ವರದಿ ಮಾಡಿತ್ತು.

ಮೊದ್ಲು ಸುಮ್ನೆ ಬಂದು ಕೂತ್ಕೊಳ್ಳಿ

ಮೊದಲ ಎರಡು ಮೂರು ವಾರ ವಾಲಂಟಿಯರ್ ಅನ್ನೋದನ್ನೇ ಮರ್ತುಬಿಡಿ. ನೀವೂ ಒಂದು ಹಾಳೆ ತಗೊಂಡು ಬರೀರಿ, ಕೆಟ್ಟದಾಗಿ ಬಂದ್ರೆ ಇನ್ನೂ ಒಳ್ಳೇದು. ಆಮೇಲೆ ಗುಂಪು ನಡೆಸೋರನ್ನ ಮೂರು ವಿಷಯ ಕೇಳಿ: ಯಾರಿಗಾದ್ರೂ ತುಂಬಾ ಕಷ್ಟ ಆದ್ರೆ ಯಾವ ಡಾಕ್ಟ್ರಿಗೆ ಫೋನ್ ಮಾಡ್ತೀರಾ, ಫೋಟೋ ಬಗ್ಗೆ ರೂಲ್ಸ್ ಏನು, ನಾನು ತಪ್ಪು ಮಾಡಿದ್ರೆ ಯಾರು ಹೇಳ್ತಾರೆ. ಮೂರಕ್ಕೂ ಉತ್ತರ ಇಲ್ಲದ ಗುಂಪಾದ್ರೆ ಬೇರೆ ಕಡೆ ನೋಡಿ.

ನಾಗಾ ಹಾಕ್ಬೇಡಿ

ನನ್ನ ಕೇಳಿದ್ರೆ ಕೆಲಸ ಅಂದ್ರೆ ಇದೊಂದೇ. ಹುರುಪಲ್ಲಿ ನಾಕು ವಾರ ಬಂದು ಮಾಯ ಆಗೋರು ಬೇಕಿಲ್ಲ, ತಿಂಗಳಿಗೆ ಒಂದೇ ಸಲ ಆದ್ರೂ ಬರ್ತೀನಿ ಅಂದ ದಿನ ಬರೋರು ಬೇಕು. ನಮ್ಮಲ್ಲಿ ಒಬ್ಬ ಕಾಲೇಜು ಹುಡುಗ ಹೀಗೇ ಹೇಳ್ದೇ ಕೇಳ್ದೇ ನಿಂತುಹೋದ, ಒಬ್ಬ ಅಜ್ಜಿ ಎರಡು ತಿಂಗಳು ತನ್ನ ಪಕ್ಕ ಚೀಲ ಇಟ್ಟು ಜಾಗ ಹಿಡೀತಾ ಇದ್ರು.

ಆದ್ರೆ ಬಣ್ಣ ಹಚ್ಚೋಕೆ ಬರೋರಿಗೆ ಈ ಲೆಕ್ಕ ಹಾಕ್ಬೇಡಿ. ಈ ಕಡೆ ರೇಷ್ಮೆ ಮನೆಗಳು ಜಾಸ್ತಿ, ಹುಳ ನಾಕನೇ ಜ್ವರ (ಪೊರೆ ಬಿಡೋದಕ್ಕೆ ಇಲ್ಲಿ ಜ್ವರ ಅಂತಾರೆ) ಎದ್ದ ಮೇಲೆ ಒಂದು ವಾರ ಅವು ತಿನ್ನೋ ಸೊಪ್ಪಿಗೆ ಲೆಕ್ಕಾನೇ ಇಲ್ಲ, ಹಣ್ಣಾಗಿ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋವರೆಗೂ ಮನೆಯೋರು ಆಚೆ ಬರಲ್ಲ. ಯಾರೋ ಬರ್ಲಿಲ್ಲ ಅಂತ ಗಾಬರಿ ಬೀಳೋ ಮುಂಚೆ ಹುಳ ಎಷ್ಟನೇ ಜ್ವರದಲ್ಲಿದೆ ಕೇಳಿ.

ಸಾಮಾನು ಜಾಸ್ತಿ ಬೇಕಿಲ್ಲ. ಒಂದು ಜಮಖಾನ, ಹಾಳೆ, ಕ್ರೇಯಾನ್, ರಂಗೋಲಿ ಪುಡಿ. ಚಿಟ್ಟೆ ತೂತು ಮಾಡ್ಕೊಂಡು ಹೋದ ರೇಷ್ಮೆ ಗೂಡು ಸಿಕ್ಕಿದ್ರೆ ಹಾರ ಕಟ್ಟಬಹುದು, ಕೈ ನಡುಗೋರಿಗೆ ಸೂಜಿ ಮಾತ್ರ ಕೊಡ್ಬೇಡಿ.

ಕೂತಾಗ ಏನ್ ಮಾಡ್ಬೇಕು

ಇದೇನು ಬರ್ದಿದ್ದೀರಾ ಅಂತ ಕೇಳ್ಬೇಡಿ. ಸೂಪರ್ ಅಂತಲೂ ಬೇಡ, ಒಬ್ಬರಿಗೆ ಸೂಪರ್ ಅಂದ್ರೆ ಪಕ್ಕದೋರು ಹಾಳೆ ಮಡಚಿಬಿಡ್ತಾರೆ. ನೀಲಿ ಜಾಸ್ತಿ ಹಾಕಿದ್ದೀರಲ್ಲ ಅಂತ ಕಂಡಿದ್ದನ್ನ ಹೇಳಿ ಸುಮ್ನಾಗಿ, ಹೇಳೋದಿದ್ರೆ ಅವರೇ ಹೇಳ್ತಾರೆ. ಕಪ್ಪು ಬಳಿದ್ರೆ ದುಃಖ ಅಂತ ಅರ್ಥ ಹುಡುಕೋಕೆ ಹೋಗ್ಬೇಡಿ, ಕೆಲವು ಸಲ ಬೇರೆ ಕ್ರೇಯಾನ್ ಮುರಿದಿರತ್ತೆ ಅಷ್ಟೇ. ಭಾಷೆ ಅವರಿಷ್ಟ, ಅರ್ಧ ಮಾತು ತೆಲುಗಲ್ಲೇ ಆಗೋದು, ಈ ಕಡೆಯ ಸಂತ ಕೈವಾರ ತಾತಯ್ಯನೋರೇ ಕನ್ನಡ ತೆಲುಗು ಎರಡರಲ್ಲೂ ಪದ ಕಟ್ಟಿರುವಾಗ ನಮ್ಮದೇನು.

ತಮಟೆ ದಿನ ಬೇರೆ ಥರ. ಈ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಆದ್ರೂ ಅದನ್ನ ಮುಟ್ಟೋಕೆ ಹಿಂದೆಮುಂದೆ ನೋಡೋರು ಇನ್ನೂ ಇದ್ದಾರೆ, ಯಾಕೆ ಅಂತ ಎಲ್ರಿಗೂ ಗೊತ್ತು. ಅಂಥವರನ್ನ ಸಮಾಧಾನ ಮಾಡ್ಕೊಂಡು ಕೂರೋದು ನಮ್ಮ ಕೆಲಸ ಅಲ್ಲ. ಒಣ ಗರಿ ಉರಿಸಿ ಚರ್ಮ ಕಾಯಿಸೋ ಕೆಲಸವನ್ನ ಮಾತೇ ಆಡದೋರಿಗೆ ಕೊಡಿ. ಕಾದಿದ್ಯಾ ಅಂತ ಬೆರಳಲ್ಲಿ ತಟ್ಟಿ ನೋಡ್ಲೇಬೇಕಲ್ಲ, ಅಲ್ಲಿಂದ ಏಟು ಶುರುವಾಗತ್ತೆ.

ಊರು ಚಿಕ್ಕದು, ಬಾಯಿ ದೊಡ್ಡದು

ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರೆ ಅವರಾಗೇ ಮಾತಾಡಿಸಿದ್ರೆ ಮಾತ್ರ ಮಾತಾಡಿಸಿ. ಇವ್ರು ಹೇಗೆ ಪರಿಚಯ ಅಂತ ಜೊತೆಲಿರೋರು ಕೇಳಿದ್ರೆ ಏನು ಹೇಳೋದು ಅಂತ ಮೊದ್ಲೇ ಮಾತಾಡ್ಕೊಂಡಿರಿ. ವಾಟ್ಸ್ಯಾಪ್ ಸ್ಟೇಟಸ್‌ಗೆ ಮುಖ ಹಾಕೋ ಹಾಗೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಲಿರೋರ ಫೋಟೋ ಅವರ ಒಪ್ಪಿಗೆ ಇಲ್ದೇ ಮಾಧ್ಯಮಕ್ಕೆ ಕೊಡ್ಬಾರ್ದು ಅನ್ನತ್ತೆ, ನಾವು ಅದನ್ನೇ ನಮ್ಮ ಫೋನಿಗೂ ಹಾಕ್ಕೊಂಡಿದ್ದೀವಿ.

ಯಾರಾದ್ರೂ ಸಾಕಾಗಿದೆ ಅಂದ್ರೆ

ಹಾಗೆಲ್ಲ ಮಾತಾಡ್ಬಾರ್ದು ಅಂತ ಬಾಯಿ ಮುಚ್ಚಿಸ್ಬೇಡಿ. ಪಕ್ಕಕ್ಕೆ ಕರ್ಕೊಂಡು ಹೋಗಿ, ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗೇ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬಿಟ್ಟಂಗೆ ಅನ್ನೋದು ತಪ್ಪು. ಹೌದು ಅಂದ್ರೆ ಒಬ್ಬರನ್ನೇ ಬಿಡ್ಬೇಡಿ, ಗುಂಪು ನಡೆಸೋರಿಗೆ ಆಗಲೇ ಹೇಳಿ, ತೋಟಕ್ಕೆ ಹೊಡೆಯೋ ಔಷಧಿ ಮನೇಲಿದ್ರೆ ಬೇರೆ ಕಡೆ ಸಾಗಿಸೋಕೆ ಮನೆಯೋರಿಗೆ ಹೇಳಿ. ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡ್ರೆ ಕೊಡ್ಬೇಡಿ, ಇದೊಂದು ಗುಟ್ಟು ಇಟ್ಕೊಳ್ಳೋ ಹಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ತಾಲ್ಲೂಕು ಆಸ್ಪತ್ರೆಲಿ ಮನೋವೈದ್ಯರು ಬಂದು ನೋಡೋ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಅಂತ ವಿಚಾರಿಸಿ ಬರ್ದಿಟ್ಕೊಂಡಿರಿ.

ನಿಮಗೇ ಭಾರ ಆಯ್ತು ಅಂದ್ರೆ ಬಿಡೋದ್ರಲ್ಲಿ ತಪ್ಪಿಲ್ಲ. ಎರಡು ವಾರ ಮುಂಚೆ ಎಲ್ರ ಎದುರಿಗೆ ಹೇಳಿ, ಕಡೇ ದಿನ ಟೀ ಕುಡ್ಕೊಂಡು, ಜಮಖಾನ ಮಡಚಿಟ್ಟು ಹೋಗಿ.